ಮಗುವಿನ ಮಾತು ಮತ್ತು ಗದ್ದುಗೆಯ ಆಣೆ

ಲಿಂಗಾಯತ ಮನೆತನಗಳಲ್ಲಿ ಮಗುವು ಗರ್ಭದಲ್ಲಿರುವಾಗಲೇ, ತಾಯಿಗೆ ಎಂಟನೆಯ ತಿಂಗಳಾದಾಗ, ಲಿಂಗಧಾರಣೆ ಮಾಡಿಸುವ ಸಂಪ್ರದಾಯವುಂಟು. ಹುಟ್ಟುವ ಮೊದಲೇ ಆ ಶರೀರವು ಶಿವನ ಆಲಯವೆಂದು ಒಪ್ಪಿಕೊಂಡ ಸಮಾಜ ನಮ್ಮದು. ಅಂಥ ಮೈಯನ್ನು ಯಾರೋ ಮುಟ್ಟಬಾರದಂತೆ ಮುಟ್ಟಿದರೆಂದು ಮಗುವೇ ಬಾಯಿಬಿಟ್ಟು ಹೇಳಿದಾಗ ಮಾತ್ರ ಹಿರಿಯರಿಗೆ ಮೊದಲು ನೆನಪಾಗುವುದು ಮನೆತನದ ಮಾನ, ಊರಿನ ಹೆಸರು, ಮಠದ ಮರ್ಯಾದೆ.

ಕೆಲವು ವರ್ಷಗಳ ಹಿಂದೆ ಒಂದು ಊರಿನ ನಾಲ್ವರು ಹಿರಿಯರು ನಮ್ಮಲ್ಲಿಗೆ ಬಂದರು. ವಿದ್ಯಾರ್ಥಿನಿಲಯದಿಂದ ರಜೆಗೆ ಬಂದ ಹುಡುಗನೊಬ್ಬನು ಮರಳಿ ಹೋಗಲೊಲ್ಲೆನೆಂದು ಹಟ ಹಿಡಿದು, ಕೊನೆಗೆ ಸೋದರತ್ತೆಯ ಮುಂದೆ ಅಲ್ಲಿಯ ಮೇಲ್ವಿಚಾರಕನ ಹೆಸರು ಹೇಳಿದ್ದನು. “ಇಬ್ಬರನ್ನೂ ಗದ್ದುಗೆಯ ಮುಂದ ನಿಲ್ಲಿಸಿ ಆಣೆ ಮಾಡಿಸೋಣ, ಶಾಸ್ತ್ರಿಗಳ. ನೀವು ಒಂದು ಮಾತು ಹೇಳಿದ್ರ ಊರೊಳಗ ಮುಗೀತದ” ಎಂಬುದು ಅವರ ಬಿನ್ನಹ. “ಗಂಡುಹುಡುಗ, ಅವಗೇನಾಗ್ತದ” ಎಂದೂ ಒಬ್ಬರು ಅಂದರು.

ಹೊಲದ ಬದುವಿನ ವ್ಯಾಜ್ಯ, ಅಣ್ಣತಮ್ಮಂದಿರ ಪಾಲು ಗದ್ದುಗೆಯ ಮುಂದೆ ಬಗೆಹರಿದುದನ್ನು ಮಠದಲ್ಲಿ ಬೆಳೆದ ನಾವು ಚಿಕ್ಕಂದಿನಿಂದ ಕಂಡಿದ್ದೇವೆ. ಆ ಪದ್ಧತಿಯಲ್ಲಿ ನಮಗೆ ಗೌರವವೂ ಇದೆ. ಆದರೆ ಅಲ್ಲಿ ಎದುರುಬದುರು ನಿಲ್ಲುವವರು ಸರಿಸಮರು. ಹನ್ನೊಂದು ವರ್ಷದ ಹುಡುಗನನ್ನು, ತನಗೆ ಅನ್ನ ಬಡಿಸುತ್ತಿದ್ದ, ಬೆತ್ತ ಹಿಡಿಯುತ್ತಿದ್ದ ಮನುಷ್ಯನ ಎದುರಿಗೆ ನಿಲ್ಲಿಸಿದರೆ ಅವನ ನಾಲಗೆ ಏಳುವುದೇ? ಏಳದಿದ್ದರೆ ಹುಡುಗ ಸುಳ್ಳಾಡಿದನೆಂದು ಸಭೆ ಎದ್ದುಹೋಗುತ್ತದೆ. ಎದ್ದರೂ ತಪ್ಪುಕಾಣಿಕೆ ಕಟ್ಟಿಸಿಕೊಂಡು ಆ ಮನುಷ್ಯನನ್ನು ಬೇರೊಂದು ಊರಿಗೆ ಸಾಗಹಾಕುತ್ತಾರೆ. ಆ ಊರಲ್ಲಿಯೂ ಮಕ್ಕಳಿರುತ್ತಾರೆ.

ನಾವು ಆಣೆಗೆ ಒಪ್ಪಲಿಲ್ಲ. 2012ರ ಪೋಕ್ಸೊ ಕಾಯ್ದೆಯು 18 ವರ್ಷದೊಳಗಿನ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಂದೇ ಎಂದು ಅವರಿಗೆ ತಿಳಿಸಿದೆವು. ಅದರ 19ನೆಯ ಕಲಮಿನಂತೆ ಇಂಥ ಅಪರಾಧ ನಡೆದುದನ್ನು ಬಲ್ಲವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವರಿಗೆ ಆರು ತಿಂಗಳವರೆಗೆ, ಕೈಕೆಳಗಿನವನ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸವಿದೆ. ಸದ್ಭಾವದಿಂದ ತಿಳಿಸಿದವರಿಗೆ ಕಾಯ್ದೆಯ ರಕ್ಷಣೆಯಿದೆ. ಅಪರಾಧವನ್ನು ರುಜುವಾತುಪಡಿಸುವ ಭಾರ ಅವರ ಮೇಲಿಲ್ಲ. ಅಂದಮೇಲೆ ಆ ನಾಲ್ವರೂ, ಅವರ ಮಾತು ಕೇಳಿದ ನಾವೂ ಆ ಕ್ಷಣದಿಂದಲೇ ಹೊಣೆಗಾರರಾಗಿದ್ದೆವು.

ತಾಯಿಯ ಭಯ ಬೇರೆ. “ಪೊಲೀಸರನ್ನ ಕಂಡ್ರ ನನ್ನ ಮಗ ನಡುಗ್ತಾನ್ರೀ” ಎಂದಳು. ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ, ತಂದೆತಾಯಿಗಳ ಸಮಕ್ಷಮದಲ್ಲಿ ಬರೆದುಕೊಳ್ಳಬಹುದು. ಬರುವ ಅಧಿಕಾರಿ ಸಮವಸ್ತ್ರ ಧರಿಸಿರಕೂಡದು, ಸಾಧ್ಯವಾದಮಟ್ಟಿಗೆ ಮಹಿಳೆಯೇ ಆಗಿರಬೇಕು. ಮಗುವಿನ ಹೆಸರು, ಊರು, ಶಾಲೆ ಪತ್ರಿಕೆಗಳಲ್ಲಿ ಬರುವಂತಿಲ್ಲ. ಇಷ್ಟು ಕೇಳಿದ ಮೇಲೆ ಆಕೆಗೆ ಧೈರ್ಯ ಬಂತು. ಮಕ್ಕಳ ಸಹಾಯವಾಣಿ 1098ಕ್ಕೆ ಸೋದರತ್ತೆಯೇ ಕರೆಮಾಡಿದರು. ಮರುದಿನ ತಂದೆ ಠಾಣೆಗೆ ಹೋದನು. (ಇಂಥ ಹೊತ್ತಿನಲ್ಲಿ ಗಟ್ಟಿಯಾಗಿ ನಿಲ್ಲುವವರು ಹೆಣ್ಣುಮಕ್ಕಳೇ ಎಂಬುದು ನಮ್ಮ ಅನುಭವ.) ಮುಂದಿನ ನಿರ್ಣಯ ನ್ಯಾಯಾಲಯಕ್ಕೆ ಸೇರಿದುದು, ಅದನ್ನು ಇಲ್ಲಿ ಬರೆಯುವುದು ಯುಕ್ತವಲ್ಲ. ಹುಡುಗನು ಬೇರೆ ಶಾಲೆಯಲ್ಲಿ ಓದು ಮುಂದುವರಿಸಿದನು. ಆ ಹಿರಿಯರಲ್ಲಿ ಒಬ್ಬರು ಇಂದಿಗೂ ನಮ್ಮೊಡನೆ ಮಾತಾಡುವುದಿಲ್ಲ.

ನಮ್ಮ ಸಮಾಜದ ಪ್ರಸಾದನಿಲಯಗಳಿಗೆ ಹೋದಾಗಲೆಲ್ಲ ನಾವು ಗೋಡೆಗಳನ್ನು ನೋಡುತ್ತೇವೆ. ದಾನಿಗಳ ಹೆಸರಿನ ಕಲ್ಲು ಬಾಗಿಲಲ್ಲಿಯೇ ಇರುತ್ತದೆ. 1098 ಎಂಬ ಸಂಖ್ಯೆಯನ್ನು ಬರೆದಿದ್ದರೂ ಅದು ಕಚೇರಿಯ ಒಳಗೆ, ಮೇಲ್ವಿಚಾರಕರ ಕುರ್ಚಿಯ ಹಿಂದೆ. ಅದು ಮಕ್ಕಳು ಊಟಕ್ಕೆ ಕೂಡುವ ಪಡಸಾಲೆಯಲ್ಲಿ, ಅವರ ಕಣ್ಣಿನ ಎತ್ತರಕ್ಕೆ ಇರಬೇಕು. ಯಾರ ಅನುಮತಿಯನ್ನೂ ಕೇಳದೆ ಮಗುವು ಮಾತಾಡಬಹುದಾದ ದೂರವಾಣಿಯೊಂದೂ ಅಲ್ಲಿಯೇ ಬೇಕು.