ಗಿರಣಿಯವರು ಗೆದ್ದ ಕಪ್

ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿಯಾದ ಎಫ್‌ಎ ಕಪ್‌ನ ಹಳೆಯ ದಾಖಲೆಗಳನ್ನು ಓದುವುದೆಂದರೆ ನನಗೆ ಪ್ರೀತಿ. ಓದುತ್ತಾ ಓದುತ್ತಾ 1882-83ರ ಋತುವಿಗೆ ಬಂದರೆ ಸಾಕು, ಮುಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ. ಆ ವರ್ಷ ಫೈನಲ್ ಗೆದ್ದ ಹನ್ನೊಂದು ಜನರ ಕಸುಬುಗಳು ದಾಖಲಾಗಿವೆ. ಮೂವರು ನೇಕಾರರು, ಒಬ್ಬ ನೂಲುವವ, ಹತ್ತಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವವನೊಬ್ಬ, ಎರಕದ ಕಾರ್ಖಾನೆಯ ಕೆಲಸದವ, ಚಿತ್ರಗಳಿಗೆ ಕಟ್ಟು ಹಾಕುವವ, ಗುಮಾಸ್ತ, ಹಲ್ಲಿನ ವೈದ್ಯರ ಸಹಾಯಕ, ಪಬ್ ನಡೆಸುವವ. ನಾಯಕ ಆಲ್ಬರ್ಟ್ ವಾರ್‌ಬರ್ಟನ್ ಪ್ಲಂಬರ್. ತಂಡದ ಹೆಸರು ಬ್ಲ್ಯಾಕ್‌ಬರ್ನ್ ಒಲಿಂಪಿಕ್.

ಎದುರಿಗೆ ನಿಂತವರು ಓಲ್ಡ್ ಈಟೋನಿಯನ್ಸ್, ಅಂದರೆ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳು. ಹಿಂದಿನ ವರ್ಷದ ಕಪ್ ಅವರ ಕೈಯಲ್ಲೇ ಇತ್ತು. ಅವರ ನಾಯಕ ಆರ್ಥರ್ ಕಿನ್ನೇರ್ಡ್ ಬ್ಯಾಂಕಿನ ಒಡೆಯರ ಮನೆಯವನು, ಮುಂದೆ ಲಾರ್ಡ್ ಆದವನು, ಮೂವತ್ತಕ್ಕೂ ಹೆಚ್ಚು ವರ್ಷ ಫುಟ್‌ಬಾಲ್ ಅಸೋಸಿಯೇಷನ್ನಿನ ಅಧ್ಯಕ್ಷನಾಗಿದ್ದವನು. ಅವನಿಗೆ ಅದು ಒಂಬತ್ತನೆಯ ಫೈನಲ್. 1882ರಲ್ಲಿ ಗೆದ್ದ ಖುಷಿಗೆ ಓವಲ್ ಮೈದಾನದ ಪೆವಿಲಿಯನ್ ಎದುರು ತಲೆ ಕೆಳಗೆ ಮಾಡಿ ನಿಂತನಂತೆ. ದೊಡ್ಡ ಮನೆತನದ ಮನುಷ್ಯ, ಕೆಂಪು ಗಡ್ಡ, ಬಿಳಿಯ ಉದ್ದ ಷರಾಯಿ, ಜೊತೆಗೆ ಆಟದ ಮೇಲೆ ಇಂಥ ಮಗುವಿನ ಪ್ರೀತಿ! ಅವನನ್ನು ದ್ವೇಷಿಸಲು ನನ್ನಿಂದ ಆಗದು. ಆದರೂ 1883ರಲ್ಲಿ ಅವನು ಸೋತದ್ದು ಒಳ್ಳೆಯದೇ ಆಯಿತು ಎನ್ನುವವನು ನಾನು.

ಈ ಕಪ್ ಹುಟ್ಟಿದ್ದು 1871ರಲ್ಲಿ. ಅಸೋಸಿಯೇಷನ್ನಿನ ಕಾರ್ಯದರ್ಶಿ ಚಾರ್ಲ್ಸ್ ಆಲ್ಕಾಕ್ ತಾನು ಓದಿದ ಹ್ಯಾರೋ ಶಾಲೆಯಲ್ಲಿ ವಸತಿಗೃಹಗಳ ನಡುವೆ ನಡೆಯುತ್ತಿದ್ದ ಪಂದ್ಯಗಳನ್ನು ನೆನಪಿಟ್ಟುಕೊಂಡು, ಅದೇ ನಿಯಮವನ್ನು ದೇಶಕ್ಕೆಲ್ಲ ಹಾಕಿದ. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಮೊದಲ ವರ್ಷ ಹೆಸರು ಕೊಟ್ಟದ್ದು 15 ತಂಡ. ಹನ್ನೆರಡನೆಯ ಋತುವಾದ 1882-83ರ ಹೊತ್ತಿಗೆ ಅದು 84ಕ್ಕೆ ಏರಿತ್ತು. ಆದರೆ ಅಷ್ಟು ವರ್ಷವೂ ಕಪ್ ಲಂಡನ್ನನ್ನೂ ಅದರ ಸುತ್ತಲಿನ ದಕ್ಷಿಣವನ್ನೂ ಬಿಟ್ಟು ಕದಲಿರಲಿಲ್ಲ. ಸೈನ್ಯದ ಅಧಿಕಾರಿಗಳು, ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು, ದೊಡ್ಡ ಶಾಲೆಗಳಲ್ಲಿ ಓದಿದವರು, ಇವರಲ್ಲೇ ಕೈಯಿಂದ ಕೈಗೆ ಓಡಾಡಿಕೊಂಡಿತ್ತು.

ಸೋತರೆ ಮನೆಗೆ ಎನ್ನುವ ನಿಯಮ ಕೇಳಲು ಕ್ರೂರ. ಒಂದು ಕೆಟ್ಟ ಮಧ್ಯಾಹ್ನ, ವರ್ಷದ ಕನಸು ಮುಗಿಯಿತು. ಆದರೆ ಬಡ ತಂಡಕ್ಕೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ವರ್ಷವಿಡೀ ಆಡಿ ಅಂಕ ಕೂಡಿಸಬೇಕಾದಲ್ಲಿ ದುಡ್ಡಿದ್ದವರದೇ ಮೇಲುಗೈ: ಹೆಚ್ಚು ಆಟಗಾರರು, ಹೆಚ್ಚು ಪ್ರಯಾಣ, ಗಾಯವಾದರೆ ಬದಲಿಗೆ ಇನ್ನೊಬ್ಬ. ನಾಕೌಟಿನಲ್ಲಿ ಹಾಗಲ್ಲ. ಅವತ್ತಿನ ತೊಂಬತ್ತು ನಿಮಿಷ ಚೆನ್ನಾಗಿ ಆಡಿದರೆ ಆಯಿತು. ಒಲಿಂಪಿಕ್‌ಗೆ ಬೇಕಾಗಿದ್ದದ್ದು ಅಂಥ ಏಳು ಪಂದ್ಯ ಅಷ್ಟೇ.

ಬ್ಲ್ಯಾಕ್‌ಬರ್ನ್ ಇರುವುದು ಲ್ಯಾಂಕಶೈರ್‌ನಲ್ಲಿ. ಎತ್ತ ನೋಡಿದರೂ ನೇಯ್ಗೆ ಗಿರಣಿಗಳ ಚಿಮಣಿ. ಆ ಮಗ್ಗಗಳ ಬಟ್ಟೆಗೆ ಬಹುದೊಡ್ಡ ಗಿರಾಕಿ ನಮ್ಮ ದೇಶ. ಇಲ್ಲಿಯವರು ಉಡುವ ಧೋತರವನ್ನು ಅಲ್ಲಿ ನೇಯುತ್ತಿದ್ದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತುಹೋದಾಗ ಲ್ಯಾಂಕಶೈರ್‌ನ ಮನೆಮನೆಯಲ್ಲೂ ಹಸಿವು. ಆಗ ಧಾರವಾಡ ಸೀಮೆಯ ಎರೆಹೊಲದಲ್ಲಿ ಬೆಳೆದ ಹತ್ತಿ ಘಟ್ಟ ಇಳಿದು, ಕುಮಟಾ ಬಂದರಿನಿಂದ ಮುಂಬಯಿಗೆ, ಮುಂಬಯಿಯಿಂದ ಲಿವರ್‌ಪೂಲಿಗೆ ಹೋಯಿತು. ನಮ್ಮ ಹತ್ತಿ ಅಲ್ಲಿಗೆ ಹೋಗಿ ಬಟ್ಟೆಯಾಗಿ ಬಂದು ನಮ್ಮ ನೇಕಾರರ ಅನ್ನ ಕಿತ್ತುಕೊಂಡ ಕಥೆಯನ್ನು ನಾನು ಮರೆತಿಲ್ಲ. ಹಾಗೆಂದು ಆ ಗಿರಣಿಯೊಳಗೆ ದುಡಿದವನ ಬದುಕೇನೂ ಸುಖದ್ದಾಗಿರಲಿಲ್ಲ. ಮಗ್ಗಗಳ ಸದ್ದಿಗೆ ಕಿವಿ ಮಂದವಾಗುತ್ತಿತ್ತು, ಹತ್ತಿಯ ಧೂಳು ಎದೆಯೊಳಗೆ ಇಳಿಯುತ್ತಿತ್ತು. ಅಂಥವರಿಗೆ ಆಡಲು ಬಿಡುವು ಸಿಕ್ಕಿದ್ದೇ ಕಾನೂನಿನಿಂದ. ಗಿರಣಿಗಳಲ್ಲಿ ಹೆಂಗಸರು ಮತ್ತು ಹದಿಹರೆಯದವರ ಶನಿವಾರದ ಕೆಲಸ ಮಧ್ಯಾಹ್ನ ಎರಡಕ್ಕೆ ಮುಗಿಯಬೇಕು ಎಂದು 1850ರ ಕಾಯ್ದೆ ಹೇಳಿತು. ಅವರಿಲ್ಲದೆ ಗಿರಣಿ ಓಡದು. ಹೀಗೆ ಊರಿಗೆ ಊರೇ ಶನಿವಾರ ಮಧ್ಯಾಹ್ನ ಹೊರಗೆ ಬಂತು, ಚೆಂಡು ಹಿಡಿಯಿತು.

ಬ್ಲ್ಯಾಕ್‌ಬರ್ನ್‌ನ ಪಕ್ಕದಲ್ಲೇ ಡಾರ್ವೆನ್ ಎನ್ನುವ ಊರು. 1879ರಲ್ಲಿ ಆ ಊರಿನ ಗಿರಣಿ ಹುಡುಗರು ಕಪ್‌ನ ಕ್ವಾರ್ಟರ್ ಫೈನಲ್ ಮುಟ್ಟಿದರು. ಎದುರಾಳಿ ಇದೇ ಈಟೋನಿಯನ್ಸ್, ಆಟ ಲಂಡನ್ನಿನಲ್ಲಿ. 5-1ರಿಂದ ಹಿಂದೆ ಬಿದ್ದಿದ್ದವರು ಕೊನೆಯ ಹದಿನೈದು ನಿಮಿಷದಲ್ಲಿ ನಾಲ್ಕು ಗೋಲು ಹೊಡೆದು 5-5 ಮಾಡಿದರು! ಹೆಚ್ಚುವರಿ ಆಟಕ್ಕೆ ಈಟೋನಿಯನ್ಸ್ ಒಪ್ಪಲಿಲ್ಲ. ಸರಿ, ಮತ್ತೆ ರೈಲು ಹತ್ತಿ ಬಂದರು; 2-2. ಮೂರನೆಯ ಸಲವೂ ಬಂದರು, 6-2ರಲ್ಲಿ ಸೋತರು. ದಾರಿಖರ್ಚಿಗೆ ಊರವರು ಚಂದಾ ಎತ್ತಿದ್ದರು. ಮೂರು ಸಲವೂ ಕೆಲಸ ಬಿಟ್ಟು ದೇಶದ ಉದ್ದಕ್ಕೂ ಹೋದವರು ಅವರೇ. ಗೆದ್ದವರು ಇದ್ದಲ್ಲೇ ಇದ್ದರು. ಆ ಅನ್ಯಾಯ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಡಾರ್ವೆನ್‌ನವರಿಗೆ ಇಲ್ಲದ್ದು ಒಲಿಂಪಿಕ್‌ಗೆ ಎರಡು ಇತ್ತು. ಒಂದು, ಎರಕದ ಕಾರ್ಖಾನೆ ನಡೆಸುತ್ತಿದ್ದ ಸಿಡ್ನಿ ಯೇಟ್ಸ್ ಎಂಬವನ ಹಣ. ಇನ್ನೊಂದು, ಶೆಫೀಲ್ಡಿನಿಂದ ಬಂದ ಜಾಕ್ ಹಂಟರ್. ಇಂಗ್ಲೆಂಡಿಗೆ ಆಡಿದ್ದ ಹಂಟರ್ ಇಲ್ಲಿ ಆಟಗಾರನೂ ಹೌದು, ಗುರುವೂ ಹೌದು. ಆಗ ದಕ್ಷಿಣದ ಶಾಲೆಗಳವರು ಚೆಂಡು ಸಿಕ್ಕಿದವನು ಎದುರಿಗೆ ಬಂದವರನ್ನು ತಪ್ಪಿಸಿಕೊಂಡು ಒಬ್ಬನೇ ನುಗ್ಗುವ ಆಟಕ್ಕೆ ಹೆಸರಾಗಿದ್ದರು. ಒಲಿಂಪಿಕ್‌ನವರು ಚೆಂಡನ್ನು ಹಂಚಿಕೊಂಡು ಆಡಿದರು. ಮೈದಾನದ ಈ ಅಂಚಿನಿಂದ ಆ ಅಂಚಿಗೆ ಉದ್ದಕ್ಕೆ ಒದ್ದು ಎದುರಾಳಿಗಳನ್ನು ಓಡಾಡಿಸಿ ಸುಸ್ತು ಮಾಡಿದರು. ಐದನೆಯ ಸುತ್ತಿನಲ್ಲಿ ವೇಲ್ಸ್‌ನ ಡ್ರೂಯಿಡ್ಸ್ 4-1ರಲ್ಲಿ ಬಿತ್ತು. ಸೆಮಿಫೈನಲ್‌ನಲ್ಲಿ ಓಲ್ಡ್ ಕಾರ್ಥೂಸಿಯನ್ಸ್ 4-0ರಲ್ಲಿ. ಅವರೂ ಇಂಥದೇ ಒಂದು ದೊಡ್ಡ ಶಾಲೆಯ ಹಳೆಯ ವಿದ್ಯಾರ್ಥಿಗಳು, 1881ರಲ್ಲಿ ಕಪ್ ಗೆದ್ದಿದ್ದವರು.

ಫೈನಲ್‌ಗೆ ಮುಂಚೆ ಹಂಟರ್ ತಂಡವನ್ನು ಬ್ಲ್ಯಾಕ್‌ಪೂಲ್ ಕಡಲ ತೀರಕ್ಕೆ ಕರೆದುಕೊಂಡು ಹೋಗಿ ಇರಿಸಿದ. ಬೆಳಿಗ್ಗೆ ಆರಕ್ಕೆ ಎದ್ದು ಒಂದು ಲೋಟ ಪೋರ್ಟ್ ವೈನು, ಎರಡು ಹಸಿ ಮೊಟ್ಟೆ. ಆಮೇಲೆ ಮರಳಿನ ಮೇಲೆ ನಡಿಗೆ. ತಿಂಡಿಗೆ ಓಟ್ಸ್ ಗಂಜಿ, ಹ್ಯಾಡಕ್ ಮೀನು. ಮಧ್ಯಾಹ್ನ ಕುರಿಯ ತೊಡೆಯ ಮಾಂಸ. ಸಂಜೆ ಮತ್ತೆ ಗಂಜಿ, ಜೊತೆಗೆ ಹಾಲು. ರಾತ್ರಿ ತಲೆಗೆ ಆರಾರು ಸಿಂಪಿ. ನಸುಕಿನ ಸೈರನ್ನಿಗೆ ಎದ್ದು ಗಿರಣಿಗೆ ಓಡುತ್ತಿದ್ದ ಜನಕ್ಕೆ ಕಡಲ ಗಾಳಿಯಲ್ಲಿ ಹೊಟ್ಟೆ ತುಂಬ ಉಂಡು ಬರೀ ಆಟದ ಬಗ್ಗೆ ಯೋಚಿಸುವ ಅವಕಾಶ! ಈ ತಯಾರಿಯನ್ನೇ ಈಟನ್ ಶಾಲೆಯ ಪತ್ರಿಕೆ ಆಮೇಲೆ ಆಕ್ಷೇಪಿಸಿತು. ಆಟಕ್ಕೆಂದು ಹೀಗೆ ಸಿದ್ಧರಾಗುವುದು ಸಭ್ಯರ ರೀತಿಯಲ್ಲ ಎನ್ನುವ ಭಾವ ಅದರದು. ವರ್ಷವಿಡೀ ಬಿಡುವಿದ್ದವರಿಗೆ ಒಂದು ವಾರದ ಬಿಡುವಿನ ಬೆಲೆ ತಿಳಿಯಲಿಲ್ಲ.

1883ರ ಮಾರ್ಚ್ 31, ಲಂಡನ್ನಿನ ಕೆನ್ನಿಂಗ್ಟನ್ ಓವಲ್. ಸುಮಾರು 8,000 ಜನ. ಮೊದಲ ಗೋಲು ಈಟೋನಿಯನ್ಸ್‌ನ ಹ್ಯಾರಿ ಗುಡ್‌ಹಾರ್ಟ್‌ನದು. ಮುಂದೆ ಎಡಿನ್‌ಬರೋದಲ್ಲಿ ಲ್ಯಾಟಿನ್ ಪ್ರಾಧ್ಯಾಪಕನಾದವನು ಅವನು. ದ್ವಿತೀಯಾರ್ಧದಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಮ್ಯಾಥ್ಯೂಸ್ ಸಮ ಮಾಡಿದ. ಈಟೋನಿಯನ್ಸ್‌ನ ಆರ್ಥರ್ ಡನ್ ಗಾಯಗೊಂಡು ಹೊರಗೆ ಹೋದ. ಬದಲಿ ಆಟಗಾರ ಎನ್ನುವ ಪದ್ಧತಿ ಆಗ ಇರಲಿಲ್ಲ, ಹತ್ತೇ ಜನ ಉಳಿದರು. ಇದನ್ನು ಮುಚ್ಚಿಟ್ಟು ಒಲಿಂಪಿಕ್‌ನ ಗೆಲುವನ್ನು ಹೊಗಳಬೇಕಾದ ಅಗತ್ಯವಿಲ್ಲ. ತೊಂಬತ್ತು ನಿಮಿಷ ಮುಗಿದಾಗ 1-1. ಈ ಸಲ ಅರ್ಧ ಗಂಟೆ ಹೆಚ್ಚಿಗೆ ಆಡಲು ಎರಡೂ ಕಡೆಯವರು ಒಪ್ಪಿದರು. ಡಾರ್ವೆನ್‌ಗೆ ಸಿಗದ ಅರ್ಧ ಗಂಟೆ ಅದು. ಈಟನ್ನಿನವರ ಕಾಲು ಸೋತಿದ್ದವು. ಬ್ಲ್ಯಾಕ್‌ಪೂಲಿನ ಮರಳಲ್ಲಿ ಪಳಗಿದ್ದ ಕಾಲುಗಳು ಇನ್ನೂ ಓಡುತ್ತಿದ್ದವು. ನೇಕಾರ ಜಾನ್ ಯೇಟ್ಸ್ ಚೆಂಡನ್ನು ಅಡ್ಡಕ್ಕೆ ಕಳಿಸಿದ, ನೂಲುವ ಜಿಮ್ಮಿ ಕಾಸ್ಟ್‌ಲಿ ಗೋಲಿಗೆ ಒದ್ದ. 2-1.

ನೇಯುವವನು ಕೊಟ್ಟದ್ದನ್ನು ನೂಲುವವನು ಮುಗಿಸಿದ ಆ ಗೋಲನ್ನು ಯಾರೂ ಚಿತ್ರೀಕರಿಸಿಲ್ಲ, ಆ ಕಾಲವೇ ಅದಲ್ಲ. ಆದರೆ ಬ್ಲ್ಯಾಕ್‌ಬರ್ನ್‌ನಲ್ಲಿ ತಂಡ ಇಳಿದಾಗ ಬ್ಯಾಂಡು, ಕುದುರೆಗಾಡಿ, ಬೀದಿ ತುಂಬ ಜನ. ಈ ಕಪ್ ಇನ್ನು ಲಂಡನ್ನಿಗೆ ವಾಪಸ್ ಹೋಗುವುದಿಲ್ಲ ಎಂಬರ್ಥದ ಮಾತನ್ನು ವಾರ್‌ಬರ್ಟನ್ ಆಡಿದನೆಂದು ಹೇಳುತ್ತಾರೆ. 1901ರಲ್ಲಿ ಟಾಟನ್‌ಹ್ಯಾಮ್ ಗೆಲ್ಲುವವರೆಗೂ ಹೋಗಲೂ ಇಲ್ಲ.

ಕಪ್ ಊರಲ್ಲೇ ಉಳಿಯಿತು, ಒಲಿಂಪಿಕ್ ಉಳಿಯಲಿಲ್ಲ. ಮುಂದಿನ ಮೂರು ವರ್ಷ ಕಪ್ ಗೆದ್ದದ್ದು ಅದೇ ಊರಿನ ಬ್ಲ್ಯಾಕ್‌ಬರ್ನ್ ರೋವರ್ಸ್. 1885ರಲ್ಲಿ ಆಟಗಾರರಿಗೆ ಸಂಬಳ ಕೊಡುವುದು ಸಕ್ರಮವಾಯಿತು. ಆಟಕ್ಕಾಗಿ ದಿನಗೂಲಿ ಬಿಟ್ಟು ಬರುವವನಿಗೆ ಸಂಬಳ ನ್ಯಾಯವೇ. ಆದರೆ ಕೊಡುವ ಶಕ್ತಿ ರೋವರ್ಸ್‌ಗೆ ಇದ್ದಷ್ಟು ಒಲಿಂಪಿಕ್‌ಗೆ ಇರಲಿಲ್ಲ. 1888ರಲ್ಲಿ ಹನ್ನೆರಡು ತಂಡಗಳ ಲೀಗ್ ಶುರುವಾದಾಗ ಬ್ಲ್ಯಾಕ್‌ಬರ್ನ್‌ನಿಂದ ಕರೆದದ್ದು ರೋವರ್ಸ್ ಒಂದನ್ನೇ. ಮರುವರ್ಷ ಒಲಿಂಪಿಕ್ ಮುಚ್ಚಿತು. ಏಳು ಪಂದ್ಯದ ಕಪ್ ಗೆದ್ದ ಕ್ಲಬ್‌ಗೆ ವರ್ಷವಿಡೀ ಆಡುವ ಲೀಗಿನ ಬಾಗಿಲು ತೆರೆಯಲೇ ಇಲ್ಲ.

ಕಪ್‌ನ ಬಾಗಿಲು ಮಾತ್ರ ಸಣ್ಣವರಿಗೆ ಈಗಲೂ ತೆರೆದಿದೆ, ಆದರೆ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಿದ್ದಾರೆ. 2024-25ರಿಂದ ಮೊದಲ ಸುತ್ತು ಮತ್ತು ಅದರಾಚೆಯ ಪಂದ್ಯಗಳು ಸಮವಾದರೆ ಮರುಪಂದ್ಯವೇ ಇಲ್ಲ. ದೊಡ್ಡ ಕ್ಲಬ್‌ಗಳ ವೇಳಾಪಟ್ಟಿ ಬಿಗಿಯಾಗಿದೆ ಎನ್ನುವುದು ಕಾರಣ. 2025ರ ಜನವರಿ 12ರಂದು ಐದನೆಯ ದರ್ಜೆಯ ಟ್ಯಾಮ್‌ವರ್ತ್ ತನ್ನ ಪುಟ್ಟ ಮೈದಾನದಲ್ಲಿ ಟಾಟನ್‌ಹ್ಯಾಮನ್ನು ತೊಂಬತ್ತು ನಿಮಿಷ 0-0ಯಲ್ಲಿ ತಡೆದು ನಿಲ್ಲಿಸಿತು. ಅವರ ಗೋಲ್‌ಕೀಪರ್ ಜಸ್ ಸಿಂಗ್‌ಗೆ ವಾರದ ದಿನಗಳಲ್ಲಿ ಕಟ್ಟಡಗಳ ಸರ್ವೆ ಕೆಲಸ. ಹಳೆಯ ನಿಯಮವಿದ್ದಿದ್ದರೆ ಟಾಟನ್‌ಹ್ಯಾಮ್‌ನ ದೊಡ್ಡ ಸ್ಟೇಡಿಯಂನಲ್ಲಿ ಇನ್ನೊಂದು ಪಂದ್ಯ, ಅದರ ಟಿಕೆಟ್ ಹಣದಲ್ಲಿ ಪಾಲು. ಸಣ್ಣ ಕ್ಲಬ್ಬೊಂದು ಎಷ್ಟೋ ತಿಂಗಳು ಉಸಿರಾಡುವಷ್ಟು ದುಡ್ಡು. ಅದರ ಬದಲು ಅಲ್ಲೇ ಹೆಚ್ಚುವರಿ ಅರ್ಧ ಗಂಟೆ ಆಡಿಸಿದರು, ಟಾಟನ್‌ಹ್ಯಾಮ್ 3-0ಯಲ್ಲಿ ಗೆದ್ದಿತು. ಮರುಪಂದ್ಯವನ್ನು ವಾಪಸ್ ತರಬೇಕು. ದೊಡ್ಡವರ ವೇಳಾಪಟ್ಟಿಯನ್ನು ಬೇರೆ ಎಲ್ಲಿಯಾದರೂ ಸಡಿಲ ಮಾಡಿಕೊಳ್ಳಲಿ.