ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಗಾಲಿ

ಪರದೇಶಗಳಲ್ಲಿ ಮೋಟಾರಿನ ಬೆನ್ನಿಗೆ ಒಂದು ಪುಟ್ಟ ಮನೆಯನ್ನೇ ಕಟ್ಟಿಕೊಂಡು ಊರೂರು ಸುತ್ತುವವರಿದ್ದಾರೆ. ಆ ಮನೆಯಲ್ಲಿ ಮಂಚವಿರುತ್ತದೆ, ಒಲೆಯಿರುತ್ತದೆ, ನೀರಿನ ತೊಟ್ಟಿಯೂ ಇರುತ್ತದೆ. ನಮ್ಮ ಕಾಲೇಜಿನ ತರುಣ ಸಹೋದ್ಯೋಗಿಯೊಬ್ಬರು ಇದರ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, "ನಮ್ಮ ಕಡೆ ಇದು ಯಾವಾಗ ಬರತದೋ ಏನೋ" ಎಂದು ನಿಟ್ಟುಸಿರುಬಿಟ್ಟರು. ಅವರು ಹುಬ್ಬಳ್ಳಿಯ ಪೇಟೆಯಲ್ಲಿಯೇ ಹುಟ್ಟಿ ಬೆಳೆದವರು. ಅವರ ಮಾತಿಗೆ ನಕ್ಕು ಸುಮ್ಮನಾದೆ. ಭಾರತ ಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಅವರು ನಮ್ಮ ಗಬ್ಬೂರಿನ ಹೆದ್ದಾರಿಯ ಬದಿಗೆ ಬಂದು ನಿಂತರೆ ಸಾಕು, ಇಂಥ ಮನೆಗಳನ್ನು ಎಣಿಸಿ ಬೇಸರಪಟ್ಟಾರು.

ಶಿಗ್ಗಾವಿ, ಸವಣೂರುಗಳ ಕಡೆಯಿಂದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಬರುತ್ತವೆ. ಹಿಂದಿನ ಟ್ರೇಲರಿಗೆ ಬಿದಿರಿನ ಗಳುಗಳನ್ನು ಬಗ್ಗಿಸಿ ಕಟ್ಟಿ, ಮೇಲೆ ತಾಡಪತ್ರಿ ಹೊದಿಸಿರುತ್ತಾರೆ. ಒಳಗೆ ಒಂದು ಮೊಳ ಹುಲ್ಲು, ಅದರ ಮೇಲೆ ಜಮಖಾನೆ. ಒಂದು ಮೂಲೆಗೆ ಕಟಿ ರೊಟ್ಟಿಯ ಗಂಟು, ಗುರೆಳ್ಳು ಚಟ್ನಿಯ ಡಬ್ಬಿ, ಪಡ್ಡಲಗಿ ತುಂಬುವ ಸಾಮಾನು; ಇನ್ನೊಂದು ಮೂಲೆಗೆ ಕಂಬಳಿ ಹೊದ್ದ ಮುದುಕಿ. ಟ್ರ್ಯಾಕ್ಟರಿನ ಬ್ಯಾಟರಿಯಿಂದ ಎಳೆದ ತಂತಿಗೆ ಒಂದು ದೀಪ. "ಉಧೋ ಉಧೋ" ಎಂದು ಕೂಗುತ್ತ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಈ ಮನೆಗಳು ನಾಲ್ಕೈದು ದಿನ ಗುಡ್ಡದ ಮೇಲೆಯೇ ಊರಾಗಿ ನಿಲ್ಲುತ್ತವೆ. 2023ರ ಜೂನಿನಿಂದ ನಮ್ಮ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಪುಕ್ಕಟೆಯಾಗಿದೆ. ಇನ್ನು ಟ್ರೇಲರಿನ ಯಾತ್ರೆ ನಿಂತಿತು ಎಂದು ನಾನು ಭಾವಿಸಿದ್ದೆ, ನಿಲ್ಲಲಿಲ್ಲ. ಬಸ್ಸು ಮನುಷ್ಯರನ್ನು ಒಯ್ದೀತು, ಅಡಿಗೆಮನೆಯನ್ನು ಒಯ್ಯಲಾರದು.

ಸರಕಿನ ಟ್ರೇಲರಿನಲ್ಲಿ ಜನರನ್ನು ಕೂಡಿಸುವುದು ಕಾಯ್ದೆಗೆ ವಿರುದ್ಧ. ಇದು ಪೋಲೀಸರಿಗೂ ಗೊತ್ತು, ಕೂತವರಿಗೂ ಗೊತ್ತು. ನಾನೂ ಒಂದೆರಡು ಸಲ ಹೇಳಿ ನೋಡಿದೆ. "ಹಂಗಾರ ಇಪ್ಪತ್ತೈದು ಮಂದೀನ ನೀವ ಹೊತಗೊಂಡು ಹೋಗ್ರಿ ಮಾಸ್ತರ" ಎಂಬ ಉತ್ತರ ಬಂತು. ನಾನು ಬಸ್ಸಿಗೇ ಹೋಗುವವನು. ಆದರೆ ಹೋಗುವವರನ್ನು ತಡೆಯಲಾಗದಿದ್ದ ಮೇಲೆ, ಅವರು ಕುಳಿತ ಗಾಲಿಯಾದರೂ ಗಟ್ಟಿಯಾಗಿರಲಿ ಎಂದು ಬಯಸುವುದಷ್ಟೇ ನನಗೆ ಉಳಿದ ದಾರಿ.

ಗಾಲಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ಟ್ರ್ಯಾಕ್ಟರಿಗೆ ಅರಿಸಿನ ಕುಂಕುಮ, ನಿಂಬೆಹಣ್ಣು, ಹೂವಿನ ಹಾರ ಎಲ್ಲ ಉಂಟು. ಟ್ರೇಲರಿಗೆ ಎಂಜಿನ್ನಿಲ್ಲ, ಸದ್ದಿಲ್ಲ. ಆದ್ದರಿಂದ ಅದಕ್ಕೆ ಕಾಯಿಲೆಯೂ ಇಲ್ಲವೆಂದು ಜನರ ನಂಬಿಕೆ. ವರ್ಷವೆಲ್ಲ ಅದು ಇಟ್ಟಿಗೆ, ಗೊಬ್ಬರ ಹೊರುತ್ತದೆ. ಸುಗ್ಗಿಯಲ್ಲಿ ಅಮರಗೋಳದ ಪೇಟೆಗೆ ಉಳ್ಳಾಗಡ್ಡಿ, ಮೆಣಸಿನಕಾಯಿ ಒಯ್ಯುತ್ತದೆ. ಉಳಿದ ದಿನ ಹಿತ್ತಲಿನ ಬಿಸಿಲಿನಲ್ಲಿ, ಮಳೆಗಾಲದಲ್ಲಿ ಎರೆಮಣ್ಣಿನ ರಾಡಿಯಲ್ಲಿ ನಿಂತಿರುತ್ತದೆ. ಓಡಿ ಸವೆಯುವ ಟೈರಿಗಿಂತ ನಿಂತು ಸಾಯುವ ಟೈರು ಮೋಸಗಾರ. ಮೇಲಿನ ಹಲ್ಲು ಹಾಗೆಯೇ ಇರುತ್ತದೆ. ಪಕ್ಕೆಯ ರಬ್ಬರಿನಲ್ಲಿ ಬೇಸಿಗೆಯ ಹೊಲದಂತೆ ಬಿರುಕು ಬಿಟ್ಟಿರುತ್ತದೆ.

ನಾನು ಇರುವ ಮನೆಯ ಮಾಲಕರಿಗೆ ಇಂಥ ನಾಲ್ಕು ಗಾಲಿಯ ಟ್ರೇಲರೊಂದು ಇದೆ. ನಾನು ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ಅವರ ತಾಯಿಗೆ ಎಂಬತ್ತು ದಾಟಿದೆ; ಓಣಿಗೆಲ್ಲ ಆಕೆ ಆಯಿ. ಮದುವೆಯಾಗಿ ಬಂದ ವರ್ಷ ಚಕ್ಕಡಿಯಲ್ಲಿ ಗುಡ್ಡಕ್ಕೆ ಹೋದವಳು, ಈ ವರ್ಷವೂ ಹೋಗಲೇಬೇಕೆಂದು ಹಟ ಹಿಡಿದಿದ್ದಳು. ಕಾಕಾ ಮಾತ್ರ ಲೆಕ್ಕದಲ್ಲಿ ಮುಳುಗಿದ್ದರು. ಉಳ್ಳಾಗಡ್ಡಿಗೆ ಬೆಲೆ ಬಂದಿರಲಿಲ್ಲ. ನಾಲ್ಕು ಹೊಸ ಟೈರೆಂದರೆ ಐವತ್ತು ಸಾವಿರಕ್ಕೂ ಮೇಲೆ. "ಎರಡನ್ನ ರೀಸೋಲ್ ಮಾಡಸಿದರ ಸಾಕು ಮಾಸ್ತರ, ಬೇರಿಂಗಿಗೆ ಹೊರಗಿಂದ ಒಂದೀಟು ಗ್ರೀಸು ಹೊಡಿಯೋಣು" ಎಂದರು. ನನ್ನನ್ನೂ ಗ್ಯಾರೇಜಿಗೆ ಕರೆದರು. ಲೆಕ್ಕದ ವಿಷಯದಲ್ಲಿ ಕನ್ನಡದ ಮಾಸ್ತರನು ಎದುರಾಡಲಾರನೆಂಬ ಧೈರ್ಯವಿದ್ದಿರಬೇಕು.

ಹೆದ್ದಾರಿಯ ಬದಿಗೆ ಟೈರಿನವರು, ವೆಲ್ಡಿಂಗಿನವರು, ಪಾಟಾ ಕಟ್ಟುವವರು ಸಾಲಾಗಿ ಕುಳಿತಿರುವುದು ನಮ್ಮೂರಿನ ವಿಶೇಷ. ಪುಣೆ–ಬೆಂಗಳೂರು ರಸ್ತೆಯ ಲಾರಿಗಳು ಇಲ್ಲಿಯೇ ನರೇಂದ್ರದ ಕಡೆಯ ಬೈಪಾಸನ್ನು ಹಿಡಿಯುತ್ತವಾದ್ದರಿಂದ ಕೆಲಸಕ್ಕೆ ಬರವಿಲ್ಲ. ನಾವು ಹೋದ ಮಿಸ್ತ್ರಿಯ ತಂದೆ ಚಕ್ಕಡಿಯ ಗಾಲಿ ಕಟ್ಟುತ್ತಿದ್ದ ಬಡಿಗ. ಕುಲುಮೆಯವನ ಜೊತೆ ಕೂಡಿ ಗಾಲಿಗೆ ಹಳಿ ಏರಿಸುವುದನ್ನು ಮಿಸ್ತ್ರಿ ಹುಡುಗನಾಗಿದ್ದಾಗ ಕಂಡಿದ್ದಾರೆ. ಕುಳ್ಳಿನ ಬೆಂಕಿಯಲ್ಲಿ ಕಬ್ಬಿಣದ ಬಳೆಯನ್ನು ಕೆಂಪಗೆ ಕಾಯಿಸಿ, ಅದು ಹಿಗ್ಗಿದಾಗ ಮರದ ಗಾಲಿಗೆ ತೊಡಿಸಿ, ಕೊಡಗಟ್ಟಲೆ ನೀರು ಸುರಿದರೆ ಬಳೆ ಕುಗ್ಗಿ ಅರಗಳನ್ನೆಲ್ಲ ಗುಂಬಕ್ಕೆ ಬಿಗಿಯುತ್ತದೆ. ಆಗ ಗಾಲಿ ನರಳುತ್ತಿತ್ತಂತೆ. ಟೈರು ಬದಲಿಸುವ ಕೆಲಸ ನಮ್ಮಲ್ಲಿ ರಬ್ಬರಿಗಿಂತ ಬಹಳ ಹಳೆಯದು.

ರಬ್ಬರಿನ ಕಥೆ ತೀರ ಈಚಿನದು. ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಡನ್ಲಪ್ ಎಂಬವನು ಬೆಲ್‌ಫಾಸ್ಟಿನಲ್ಲಿದ್ದ ದನದ ಡಾಕ್ಟರು; ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಆತ ಅದನ್ನು ಮಾಡಿದ. ದನದ ಡಾಕ್ಟರನ ಹೆಸರು ಉತ್ತರ ಹಿಂದೂಸ್ತಾನದಲ್ಲಿ ರಬ್ಬರು ಗಾಲಿಯ ಎತ್ತಿನ ಗಾಡಿಗೇ ಅಂಟಿಕೊಂಡದ್ದು ಎತ್ತುಗಳು ಸಲ್ಲಿಸಿದ ಋಣವೆನ್ನಬೇಕು.

ಮಿಸ್ತ್ರಿ ಮೊದಲು ಟೈರಿನ ಪಕ್ಕೆಯನ್ನು ಒದ್ದೆ ಅರಿವೆಯಿಂದ ಒರೆಸಿ ಒಂದು ಸಂಖ್ಯೆಯನ್ನು ತೋರಿಸಿದರು: 3111. ಬಹಳಷ್ಟು ಟೈರುಗಳ ಮೈಮೇಲೆ ಹೀಗೆ ಹುಟ್ಟಿದ ದಿನ ಬರೆದಿರುತ್ತದೆ. ಮೊದಲ ಎರಡು ಅಂಕಿ ವಾರ, ಕಡೆಯ ಎರಡು ಇಸವಿ. ಅಂದರೆ 2011ರ 31ನೆಯ ವಾರ. ಹಳಗನ್ನಡ ಶಾಸನದ ಕಾಲನಿರ್ಣಯಕ್ಕೆ ನಾವು ಎಷ್ಟೊಂದು ಹೆಣಗುತ್ತೇವೆ! "ಇದಕ್ಕ ರೀಸೋಲ್ ಬ್ಯಾಡ್ರಿ. ಹರಕ ಚಪ್ಪಲಿಗೆ ಹೊಸಾ ಅಟ್ಟಿ ಬಡದಂಗ ಆಗತೇತಿ" ಎಂದರು. ರೀಸೋಲನ್ನು ಹಳಿಯುವುದು ಸರಿಯಲ್ಲ. ವಿಮಾನದ ಟೈರಿಗೂ ಹೊಸ ಮೇಲ್ಮೈ ಹಾಕಿ ಓಡಿಸುತ್ತಾರೆ. ಆದರೆ ಒಳಗಿನ ಒಡಲು ಗಟ್ಟಿಯಿರಬೇಕು. ಇಲ್ಲಿ ಬಿರುಕಿನೊಳಗಿಂದ ನೂಲೇ ಇಣುಕುತ್ತಿತ್ತು.

ಆಮೇಲೆ ಜ್ಯಾಕು ಏರಿಸಿ, ಒಂದು ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರು. ಗಾಲಿ ಸಡಿಲವಾದ ಹಲ್ಲಿನಂತೆ ಆಡಿತು. ತಿರುಗಿಸಿದಾಗ ಒಳಗೆ ಜೋಳ ಬೀಸುವಂತಹ ಸದ್ದು. ತುದಿಯ ಮುಚ್ಚಳ ಬಡಿದು ತೆಗೆದರು. ಪಿನ್ನು ಎಳೆದು, ನಟ್ಟು ಬಿಚ್ಚಿ ಹಬ್ಬನ್ನು ಹೊರಗೆ ತಂದರು. ಕಾಕಾ ಬಗ್ಗಿ ನೋಡಿ ಮೂಗು ಮುರಿದರು. ಒಂದು ಕಡೆ ಗ್ರೀಸು ಸುಟ್ಟು ಡಾಂಬರಾಗಿತ್ತು. ಇನ್ನೊಂದು ಕಡೆ ನೀರು ಹೊಕ್ಕು ಹಾಲು ಕಲಸಿದಂತೆ ಬೆಳ್ಳಗಾಗಿತ್ತು.

ಒಂದೊಂದು ಗಾಲಿಯಲ್ಲಿ ಎರಡೆರಡು ಬೇರಿಂಗು. ಒಳಗೆ ದೊಡ್ಡದು, ಹೊರಗೆ ಸಣ್ಣದು. ಉಕ್ಕಿನ ಉರುಳೆಗಳು ಒಂದು ತುದಿಗೆ ದಪ್ಪ, ಒಂದು ತುದಿಗೆ ಸಣ್ಣ. ಹೀಗೆ ಓರೆಯಾಗಿರುವುದರಿಂದಲೇ ಅವು ಮೇಲಿನ ಭಾರವನ್ನು ಮಾತ್ರವಲ್ಲ, ಗಾಡಿ ತಿರುವಿನಲ್ಲಿ ಹೊರಳುವಾಗ ಪಕ್ಕಕ್ಕೆ ಒತ್ತುವ ಭಾರವನ್ನೂ ತಾಳುತ್ತವೆ. 1898ರಲ್ಲಿ ಇದಕ್ಕೆ ಪೇಟೆಂಟು ಪಡೆದ ಹೆನ್ರಿ ಟಿಮ್ಕೆನ್ ಮೋಟಾರಿನವನಲ್ಲ. ಅಮೇರಿಕೆಯ ಸೇಂಟ್ ಲೂಯಿಸಿನಲ್ಲಿ ಕುದುರೆಗಾಡಿ ಮಾಡುತ್ತಿದ್ದವನು. ನಮ್ಮ ಮಿಸ್ತ್ರಿಯ ತಂದೆಗೆ ದೂರದ ಕಸುಬುಬಂಧು.

ಮಿಸ್ತ್ರಿ ಎಲ್ಲವನ್ನೂ ಡಿಜೇಲಿನಲ್ಲಿ ತೊಳೆದು ಅರಿವೆಯ ಮೇಲೆ ಸಾಲಾಗಿ ಇಟ್ಟರು. ಎಂಟರಲ್ಲಿ ಮೂರು ಕೆಟ್ಟಿದ್ದವು. ಒಂದರ ಉರುಳೆಗಳು ಕಾವಿಗೆ ನೀಲಿ ತಿರುಗಿದ್ದವು. ಇನ್ನೆರಡರ ಮೈ ಸಿಡುಬಿನ ಕಲೆಯಂತೆ ಕುಳಿಬಿದ್ದಿತ್ತು. ಹೊಸ ಉರುಳೆ ಹಾಕಿ, ಹಬ್ಬಿನೊಳಗಿನ ಹಳೆಯ ಬಳೆಯನ್ನು ಹಾಗೆಯೇ ಬಿಡಬಹುದೇ ಎಂದು ಕಾಕಾ ಕೇಳಿದರು. "ಆಗಂಗಿಲ್ಲರಿ. ಇವು ಜೋಡಿ. ಒಂದನ್ನ ಬದಲ ಮಾಡಿದರ ಇನ್ನೊಂದು ಅದನ್ನ ತಿಂದ ಬಿಡತೇತಿ" ಎಂದು ಮಿಸ್ತ್ರಿ ಬಳೆಯನ್ನೂ ಬಡಿದು ಹೊರಗೆ ಹಾಕಿದರು. ನೀರು ತಡೆಯುವ ಸೀಲುಗಳನ್ನಂತೂ ಕೇಳದೆಯೇ ಎಸೆದರು.

ಗ್ರೀಸು ತುಂಬುವುದನ್ನು ನೋಡುವುದೇ ಒಂದು ಸೊಗಸು. ಎಡಗೈಯ ಅಂಗಳದಲ್ಲಿ ಬೆಣ್ಣೆಯ ಉಂಡೆಯಷ್ಟು ಗ್ರೀಸು, ಬಲಗೈಯಲ್ಲಿ ಬೇರಿಂಗು. ಅದರ ದಪ್ಪ ಅಂಚನ್ನು ಅಂಗೈಗೆ ಒತ್ತಿ ಒತ್ತಿ ಎಳೆದಂತೆ, ಗ್ರೀಸು ಉರುಳೆಗಳ ಸಂದಿಯಿಂದ ಆಚೆ ಹುಳುವಿನಂತೆ ಹೊರಡುತ್ತದೆ. ಸುತ್ತಲೂ ಹಾಗೆ ಹೊರಟರೆ ಮಾತ್ರ ತುಂಬಿದಂತೆ. ಹೊರಗಿನಿಂದ ಸವರಿದ ಗ್ರೀಸು ನೋಡುವವರ ಸಮಾಧಾನಕ್ಕೆ. ಆಯಿಯ ಚಕ್ಕಡಿಗೆ ಹಾಕುತ್ತಿದ್ದುದು ಕೀಲೆಣ್ಣೆ: ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೇ ತೂಗಹಾಕುತ್ತಿದ್ದರು. ದಾರಿಯಲ್ಲಿ ಗಾಲಿ ಕಿರುಗುಟ್ಟಿದರೆ ಇಳಿದು ಎಣ್ಣೆ ಕುಡಿಸಿ ಮುಂದೆ ಹೋಗುವುದು. ಮರದ ಗಾಲಿ ನೋವಾದರೆ ಕೂಗಿ ಹೇಳುತ್ತಿತ್ತು. ಈ ಉಕ್ಕಿನ ಗಾಲಿಯ ನರಳಿಕೆ ಟ್ರ್ಯಾಕ್ಟರಿನ ಸದ್ದಿನಲ್ಲಿ, ಅದಕ್ಕೂ ಮಿಗಿಲಾಗಿ ಟ್ರ್ಯಾಕ್ಟರಿಗೆ ಕಟ್ಟಿದ ಧ್ವನಿವರ್ಧಕದಲ್ಲಿ, ಮುಳುಗಿಹೋಗುತ್ತದೆ.

ಈ ಹೊತ್ತಿಗೆ ತಂಗ್ಯವ್ವ ಚಹದ ಕಿಟ್ಲಿ ತಂದಳು. ಆಕೆ ಕಾಕಾ ಅವರ ಕಡೆಯ ತಂಗಿ. ಆರು ವರ್ಷದ ಹಿಂದೆ, ಗಂಡನ ಮನೆಯವರ ಟ್ರೇಲರಿನಲ್ಲಿ ಗುಡ್ಡದಿಂದ ಇಳಿಯುವಾಗ ಒಂದು ಗಾಲಿ ಕಳಚಿ, ಟ್ರೇಲರು ಮಗ್ಗುಲಾಗಿ, ಆಕೆಯ ಬಲಗಾಲು ಕೆಳಗೆ ಸಿಕ್ಕಿತು. ಕಾಲು ಉಳಿಯಿತು, ನಡಿಗೆ ಉಳಿಯಲಿಲ್ಲ. ಆ ವರ್ಷದಿಂದ ತವರಿನಲ್ಲೇ ಇದ್ದಾಳೆ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಕಿಟ್ಲಿ ಕೆಳಗಿಟ್ಟು, ಅರಿವೆಯ ಮೇಲಿದ್ದ ನೀಲಿ ತಿರುಗಿದ ಬೇರಿಂಗನ್ನು ಆಕೆ ಕೈಗೆತ್ತಿಕೊಂಡಳು. ಎರಡು ಸಲ ತಿರುಗಿಸಿ ನೋಡಿ ಇದ್ದಲ್ಲಿಯೇ ಇಟ್ಟಳು. ಕಾಕಾ ಬೇರೆಡೆಗೆ ಮುಖ ತಿರುಗಿಸಿದರು. ಚಹ ಕುಡಿದು ಲೋಟ ಕೆಳಗಿಡುತ್ತ, "ನಾಕೂ ಹೊಸಾವ ಹಾಕ್ರಿ ಮಿಸ್ತ್ರಿ" ಎಂದರು. ಹಣ ಎಲ್ಲಿಂದ ತರುತ್ತಾರೆಂದು ನಾನು ಕೇಳಲಿಲ್ಲ. ಮರುದಿನ ಅವರ ಮೋಟಾರುಸೈಕಲ್ಲು ಅಂಗಳದಲ್ಲಿ ಕಾಣಲಿಲ್ಲ.

ನಟ್ಟು ಬಿಗಿಯುವುದರಲ್ಲಿಯೇ ಮಿಸ್ತ್ರಿಯ ವಿದ್ಯೆಯೆಲ್ಲ ಇದೆ. ಬಿಗಿಯಾದಷ್ಟೂ ಭದ್ರವೆಂದು ನಮ್ಮಂಥವರು ತಿಳಿಯುತ್ತೇವೆ. ಅವರು ಒಂದು ಕೈಯಿಂದ ಗಾಲಿ ತಿರುಗಿಸುತ್ತ, ಇನ್ನೊಂದು ಕೈಯಿಂದ ನಟ್ಟನ್ನು ಬಿಗಿದರು. ಗಾಲಿ ಭಾರವಾಗಿ ನಿಲ್ಲುವಂತಾದಾಗ ಮತ್ತೆ ತುಸು ಸಡಿಲಿಸಿ, ನಟ್ಟಿನ ಗಾಡಿ ಅಚ್ಚಿನ ತೂತಿಗೆ ಸರಿಯಾಗಿ ಕೂಡುವಂತೆ ಮಾಡಿದರು. ಕೂದಲೆಳೆಯಷ್ಟು ಸಡಿಲವಿರಲೇಬೇಕು. ಕಾವಿಗೆ ಉಕ್ಕು ಹಿಗ್ಗುತ್ತದೆ. ಹಿಗ್ಗಲು ಎಡೆಯಿರದಿದ್ದರೆ ಗ್ರೀಸು ಸುಡುತ್ತದೆ, ಉರುಳೆ ಹಿಡಿದುಕೊಳ್ಳುತ್ತದೆ. ಹತ್ತು ಕಿಲೋಮೀಟರು ಓಡಿದ ಮೇಲೆ ನಿಲ್ಲಿಸಿ ನಾಲ್ಕೂ ಹಬ್ಬುಗಳ ಮೇಲೆ ಕೈಯಿಟ್ಟು ನೋಡಬೇಕೆಂದು ಕಾಕಾ ಅವರಿಗೆ ಹೇಳಿದರು. "ಕೈ ತಾಳದಷ್ಟು ಸುಟ್ಟರ ಮುಂದ ಹೋಗಬ್ಯಾಡ್ರಿ. ದೇವಿ ಅಲ್ಲೇ ಇರತಾಳ, ಎಲ್ಲಿ ಹೋಗತಾಳ?"

ಕಡೆಯದಾಗಿ ಪಿನ್ನು. ಬೆರಳುದ್ದದ ತಂತಿಯ ತುಂಡು. ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವುದು ಅದೊಂದೇ. ಚಕ್ಕಡಿಯಲ್ಲಿ ಈ ಕೆಲಸ ಕಡೆಗೀಲಿನದು. ಜೇಡರ ದಾಸಿಮಯ್ಯನು ಒಡಲನ್ನು ಬಂಡಿಗೆ ಹೋಲಿಸಿ ಕಡೆಗೀಲಿನ ಮೇಲೆ ವಚನ ಹೇಳಿದ್ದಾನೆ. ವರ್ಷವರ್ಷವೂ ಅದನ್ನು ಪಾಠ ಮಾಡುವಾಗ ಹುಡುಗರಿಗೆ ಕಡೆಗೀಲೆಂದರೇನೆಂದು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಬೇಕಾಗುತ್ತದೆ. ಇನ್ನು ಮುಂದೆ ಅವರನ್ನು ಈ ಗ್ಯಾರೇಜಿಗೇ ಕಳಿಸಬಹುದು.

ಮಿಸ್ತ್ರಿ ಪಿನ್ನು ತೂರಿಸಿ, ಅದರ ಎರಡು ಕಾಲುಗಳನ್ನು ಎರಡು ಕಡೆಗೆ ಬಗ್ಗಿಸಿ, ಮುಚ್ಚಳ ಬಡಿಯಲು ಸುತ್ತಿಗೆ ಎತ್ತಿದರು.

"ತಡೀರಿ ಅಣ್ಣಾರ" ಎಂದಳು ತಂಗ್ಯವ್ವ.

ಮಿಸ್ತ್ರಿ ಏನೂ ಕೇಳದೆ ಪಕ್ಕಕ್ಕೆ ಸರಿದರು. ಆಕೆ ಟ್ರೇಲರಿನ ಹಲಗೆ ಹಿಡಿದುಕೊಂಡು ಬಗ್ಗಿದಳು. ಪಿನ್ನನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕುಂಟುತ್ತ ಎರಡನೆಯ ಗಾಲಿಯ ಕಡೆಗೆ ಹೋದಳು, ಅಲ್ಲಿಂದ ಮೂರನೆಯದಕ್ಕೆ. ನಾಲ್ಕನ್ನೂ ನೋಡಿ ಮುಗಿಸುವವರೆಗೆ ಮಿಸ್ತ್ರಿ ಸುತ್ತಿಗೆ ಹಿಡಿದುಕೊಂಡು ನಿಂತೇ ಇದ್ದರು.