ಚೆನ್ನೈಗೆ ಹೋಗದ ಮಾಸ್ತರು

ಮೊನ್ನೆ ಕಾಚಿಗುಡದ ಹಿರಿಯರೊಬ್ಬರು ಬ್ಯಾಂಕಿಗೆ ಬಂದರು. ಕಲಬುರಗಿ ಕಡೆಯವರು, ನಿವೃತ್ತ ಮಾಸ್ತರು. ನಾನು ಹೈದರಾಬಾದಿಗೆ ಬಂದು ಇಪ್ಪತ್ತೇಳು ವರ್ಷವಾದರೂ ಕೌಂಟರಿನಾಚೆ ನಮ್ಮ ಕಡೆಯ ಮಾತು ಕೇಳಿದರೆ ಕುರ್ಚಿ ಎಳೆದು ಕೂಡಿಸುವ ಚಟ ಹೋಗಿಲ್ಲ.

"ನೋಡ್ರಿ ಸಾಹೇಬ್ರ, ಯಾರೋ ಚೆನ್ನೈದಾಗ ಕೂತು ನನ್ನ ಖಾತೆ ತೆಗ್ದಾರ" ಎಂದು ಫೋನ್ ಮುಂದಿಟ್ಟರು. ಹೊಸ ಲಾಗಿನ್ ಆಗಿದೆ, ಸ್ಥಳ ಚೆನ್ನೈ ಅಂತ ಮೇಲ್ ಬಂದಿತ್ತು. ಕೆಳಗೆ ಐಪಿ ವಿಳಾಸ. ಹಣವೇನೂ ಹೋಗಿರಲಿಲ್ಲ. ಆಮೇಲೆ ದನಿ ತಗ್ಗಿಸಿ, "ಪಾಸ್‌ವರ್ಡ್ ಗೊತ್ತಿರೋದು ಮಗಗ ಒಬ್ಬಗೇ. ಅವ ಇರೋದೂ ಚೆನ್ನೈದಾಗೇ. ಎರಡು ದಿನ ಆತು, ಅವನ ಫೋನ್ ಎತ್ತಿಲ್ಲ" ಎಂದರು.

ನಿಜ ಹೇಳಬೇಕೆಂದರೆ ನನಗೂ ಮಗನ ಮೇಲೇ ಅನುಮಾನ ಬಂತು. ಬ್ಯಾಂಕಿನವರ ಬುದ್ಧಿ! ದೂರಿನ ಫಾರಂ ಕೂಡ ತೆಗೆದೆ. ಬರೆಯುವ ಮುಂಚೆ ಮೇಲಿನಲ್ಲಿದ್ದ ಹೊತ್ತು ನೋಡಿ ಕೇಳಿದೆ, "ಭಾನುವಾರ ಬೆಳಿಗ್ಗೆ ಆರೂವರೆಗೆ ನೀವೇನು ಮಾಡ್ತಿದ್ರಿ?"

"ಪಿಂಚಣಿ ಬಂತೇನು ಅಂತ ಹೊಸ ಫೋನಿನಾಗ ನೋಡಿದ್ನಲ್ರಿ."

ಅವರ ಫೋನಿನಿಂದಲೇ, ಸಿಮ್ಮಿನ ಡೇಟಾದಲ್ಲೇ, ಐಪಿ ವಿಳಾಸ ತೋರಿಸುವ ಪುಟವೊಂದನ್ನು ತೆಗೆದೆವು. ನನ್ನ ಮೇಜಿನ ಮುಂದೆ ಕೂತಿದ್ದ ಮಾಸ್ತರರನ್ನು ಅದು ಚೆನ್ನೈಯಲ್ಲಿ ತೋರಿಸಿತು!

ಸಂಗತಿ ಇಷ್ಟೆ. ಐಪಿ ವಿಳಾಸ ಮನೆ ನಂಬರಲ್ಲ. ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅವನ್ನು ಗಂಟುಗಂಟಾಗಿ ಕಂಪನಿಗಳಿಗೆ ಹಂಚಿದ್ದಾರೆ. ಹೂಇಸ್ ಎಂಬ ದಾಖಲೆಯಲ್ಲಿ ಹುಡುಕಿದರೆ ಗಂಟು ಯಾರ ಹೆಸರಿನಲ್ಲಿದೆ ಅನ್ನೋದು ಸಿಗುತ್ತದೆ. ಇದು ಅವರ ಮೊಬೈಲ್ ಕಂಪನಿಯದೇ ಆಗಿತ್ತು. ಊರು ಮಾತ್ರ ಅಂದಾಜು. ಎಷ್ಟೋ ಸಲ ನಾವು ಕೂತ ಊರಲ್ಲ, ಕಂಪನಿ ನಮ್ಮನ್ನು ಇಂಟರ್ನೆಟ್ಟಿಗೆ ಬಿಡುವ ಬಾಗಿಲು ಇರುವ ಊರು ಕಾಣುತ್ತದೆ. ಸಾಲದ್ದಕ್ಕೆ, ಒಂದೇ ವಿಳಾಸವನ್ನು ಒಂದೇ ಹೊತ್ತಿಗೆ ನೂರಾರು ಫೋನುಗಳು ಹಂಚಿಕೊಳ್ಳಬಹುದು. ಆ ಕ್ಷಣ ಅದು ಯಾರ ಕೈಲಿತ್ತು ಎಂಬುದು ಕಂಪನಿಯ ಲೆಕ್ಕದಲ್ಲಿರುತ್ತದೆ. ಅದನ್ನು ಪೊಲೀಸರು ಕೇಳಿ ಪಡೆಯಬೇಕು.

ಆ ಲೆಕ್ಕವೂ ತಪ್ಪುವುದುಂಟು. 2007ರ ಆಗಸ್ಟ್‌ನಲ್ಲಿ ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರನ್ನು ಅವಮಾನಿಸಿದ ಆರೋಪದ ಮೇಲೆ ಪುಣೆ ಪೊಲೀಸರು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಹಿಡಿದೊಯ್ದರು. ಐಪಿ ವಿಳಾಸಕ್ಕೆ ಜೋಡಿಸಿದ ಹೆಸರೇ ತಪ್ಪಾಗಿತ್ತು. ಅದು ಹೊರಬಿದ್ದು ಬಿಡುಗಡೆಯಾಗುವಷ್ಟರಲ್ಲಿ ನಿರಪರಾಧಿ 50 ದಿನ ಜೈಲಿನಲ್ಲಿ ಕಳೆದಾಗಿತ್ತು.

ನಿಮಗೂ ಇಂಥ ಮೇಲ್ ಬಂದರೆ ಊರಿಗಿಂತ ಮೊದಲು ಹೊತ್ತು ನೋಡಿ. ಆ ಹೊತ್ತಿಗೆ ನೀವು ಲಾಗಿನ್ ಆಗಿಲ್ಲವೆಂದು ಖಾತ್ರಿಯಾದರೆ ತಡ ಮಾಡದೆ ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ 1930ಕ್ಕೆ ಫೋನ್ ಮಾಡಿ.

ಫಾರಂ ಹರಿದು ಹಾಕಿದೆ. ಮಾಸ್ತರು ಅಲ್ಲೇ ಮಗನಿಗೆ ಫೋನ್ ಹಚ್ಚಿದರು. ಎರಡು ದಿನದಿಂದ ಯಾಕೆ ಎತ್ತಲಿಲ್ಲ ಅಂತ ಅವನು ಕೇಳಿರಬೇಕು. "ಫೋನ್ ಹೊಸದು ನೋಡಪಾ, ಎತ್ತಾಕ ಗೊತ್ತಾಗಂಗಿಲ್ಲ" ಎಂದರು.

ಅದು ಸುಳ್ಳೆಂದು ಅವರಿಗೂ ನನಗೂ ಗೊತ್ತು. ಈಗ ನಿಮಗೂ.